ಅರವತ್ನಾಲ್ಕೋ, ಎಂಬತ್ತೋ

ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ, ಮಡಚಿ ಪುಟ ಮಾಡುವ ದೊಡ್ಡ ಹಾಳೆಯ ಲೆಕ್ಕದಲ್ಲಿ. ಡೆಮಿ ಅಷ್ಟಮಾಂಶ ಅನ್ನುವ ಪುಸ್ತಕದ ಅಳತೆಯಲ್ಲಿ ಒಂದು ಫಾರಂ ಅಂದರೆ 16 ಪುಟ. ನಮ್ಮ ಮುಂದಿದ್ದ ಕವನ ಸಂಕಲನ 68 ಪುಟಕ್ಕೆ ಬಂದು ನಿಂತಿತ್ತು. 64ಕ್ಕೆ ಇಳಿಸಿದರೆ ಸರಿಯಾಗಿ ನಾಲ್ಕು ಫಾರಂ, ಆದರೆ ನಾಲ್ಕು ಪುಟ ಬಿಡಬೇಕು. 80ಕ್ಕೆ ಏರಿಸಿದರೆ ಇಡೀ ಒಂದು ಫಾರಂ ಖರ್ಚು ಜಾಸ್ತಿ. ಕಾಲು ಫಾರಂ ಹಾಕಿಸಬಹುದು, ಆದರೆ ಅದಕ್ಕೂ ಬೇರೆ ಪ್ಲೇಟು ಮಾಡಿಸಬೇಕು, ಮಷಿನ್ನಿಗೆ ಮತ್ತೆ ಹತ್ತಿಸಬೇಕು. ಉಳಿಯುವುದು ಅಷ್ಟಕ್ಕಷ್ಟೆ.

ಅವತ್ತು ಭಾನುವಾರ, ಗದಗಿಗೆ ಅಂಟಿಕೊಂಡ ಬೆಟಗೇರಿಯ ಗೆಳೆಯರೊಬ್ಬರ ಪಡಸಾಲೆಯಲ್ಲಿ ಪ್ರೂಫ್ ಹರವಿಕೊಂಡು ಕೂತಿದ್ದೆವು. ನಾವೆಲ್ಲ ಕವಿತೆ ಬರೆಯುವವರೇ. ಪ್ರತಿಯೊಬ್ಬರೂ ತಿಂಗಳಿಗಿಷ್ಟು ಅಂತ ದುಡ್ಡು ಹಾಕುತ್ತೇವೆ, ಸರದಿಯ ಮೇಲೆ ಒಬ್ಬೊಬ್ಬರ ಪುಸ್ತಕ ತರುತ್ತೇವೆ, ಮಾರುವುದು ಎಲ್ಲರ ಕೆಲಸ. ಊರ ಕಡೆಯ ಎಷ್ಟೋ ಕವಿಗಳು ಸಾಲ ಮಾಡಿ ಪುಸ್ತಕ ಮಾಡಿಸಿ, ಬಂದ ಕಟ್ಟುಗಳನ್ನು ಅಟ್ಟಕ್ಕೇರಿಸಿದ್ದನ್ನು ಕಣ್ಣಾರೆ ನೋಡಿದ್ದೇವೆ, ಅದಕ್ಕೇ ಈ ದಾರಿ. ಹೊಸದೇನಲ್ಲ ಬಿಡಿ. ಕೊಟ್ಟಾಯಂನಲ್ಲಿ 1945ರಲ್ಲೇ ಮಲಯಾಳಂ ಲೇಖಕರು ಸಹಕಾರ ಸಂಘ ಕಟ್ಟಿ ತಮ್ಮ ಪುಸ್ತಕ ತಾವೇ ತಂದರು. ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಸೇರಿಸಿ ಸಹಕಾರ ಸಂಘ ಶುರು ಮಾಡಿದ್ದು 1905ರಲ್ಲಿ. ಬೀಜಕ್ಕೆ, ಎತ್ತಿಗೆ ಆಗಿದ್ದು ಕವಿತೆಗೆ ಯಾಕಾಗಬಾರದು?

ಈ ಸಲದ ಸರದಿ ನೇಕಾರ ಮನೆತನದ ಒಬ್ಬ ಅಕ್ಕಾರದು. ಸಂಕಲನದ ನಡುವೆ ಮಗ್ಗದ ಬಗ್ಗೆ ಒಂದು ದೊಡ್ಡ ಕವಿತೆ, ಒಂಬತ್ತು ಪುಟ. ಪುಟದ ಲೆಕ್ಕ ಕೇಳಿದ ಕೂಡಲೇ ಅವರು, "ಹಂಗಾದ್ರ ಅದನ್ನ ತಗದಬಿಡ್ರಿ, ನನಗೇನ ಬ್ಯಾಸರಿಲ್ಲ" ಅಂದರು. ಬೇಸರ ಮುಖದಲ್ಲೇ ಕಾಣುತ್ತಿತ್ತು. ನಮ್ಮ ಲೆಕ್ಕ ನೋಡುವ ನಿವೃತ್ತ ಮಾಸ್ತರರು ಒಪ್ಪಲಿಲ್ಲ. "ತಗಿಯೂ ಮಾತು ಆಮ್ಯಾಲೆ. ಮೊದಲ ಒಮ್ಮೆ ಓದ್ರಿ ಅಕ್ಕಾರ."

ಅವರು ಓದಿದರು. ನಾವು ಪ್ರೂಫಿನ ಮೇಲೆ ಬೆರಳಿಟ್ಟುಕೊಂಡು ಕೇಳಿದೆವು. ಆಗ ಗೊತ್ತಾಯಿತು, ಅವರು ನಿಲ್ಲಿಸುವ ಕಡೆ ಅಚ್ಚಿನ ಸಾಲು ನಿಲ್ಲುತ್ತಿಲ್ಲ. ಅವರ ಸಾಲುಗಳು ಉದ್ದ, ಲಾಳಿ ಈ ಕಡೆಯಿಂದ ಆ ಕಡೆ ಹೋಗಿ ಮುಟ್ಟುವಷ್ಟು ಉದ್ದ. ಅಕ್ಷರ 14 ಪಾಯಿಂಟ್ ಇದ್ದದ್ದರಿಂದ ಪ್ರತಿ ಸಾಲಿನ ಕೊನೆಯ ಒಂದು ಪದ ಕೆಳಗೆ ಬಿದ್ದು ಒಂಟಿಯಾಗಿ ಕೂತಿತ್ತು. ಹೀಗೆ ಬಿದ್ದ ಪದಗಳೇ ಪುಟ ತಿಂದಿದ್ದವು. ಓದುಗನಿಗೋ, ಅದು ಕವಿ ಬೇಕಂತಲೇ ಮುರಿದ ಸಾಲು ಅಂತಲೇ ಅನಿಸುತ್ತದೆ. ಗದ್ಯದಲ್ಲಿ ಸಾಲು ಎಲ್ಲಿ ಮುರಿದರೂ ನಡೆದೀತು, ಕವಿತೆಯಲ್ಲಿ ಅದು ಅರ್ಥಕ್ಕೇ ಕೈ ಹಾಕಿದ ಹಾಗೆ.

ಡಿಟಿಪಿ ಮಾಡುವ ಹುಡುಗ ಲ್ಯಾಪ್‌ಟಾಪ್ ತಂದಿದ್ದ. ಇಡೀ ಪುಸ್ತಕವನ್ನು 12.5 ಪಾಯಿಂಟಿಗೆ ಇಳಿಸಿದ, ಎಡದ ಮಾರ್ಜಿನ್ ಸ್ವಲ್ಪ ಕಡಿಮೆ ಮಾಡಿದ. ಬಿದ್ದ ಪದಗಳು ಒಂದೊಂದಾಗಿ ಮೇಲೇರಿ ತಮ್ಮ ಸಾಲಿಗೆ ಸೇರಿಕೊಂಡವು. ಆದರೂ ಹೊಂದದ ಕೆಲವು ಸಾಲಿಗೆ ಅಕ್ಕಾರು ಮತ್ತೆ ಮತ್ತೆ ಓದಿ, "ಇಲ್ಲಿ ಉಸರ ತಗೋತೀನಿ, ಇಲ್ಲೇ ಮುರೀರಿ" ಅಂತ ತಾವೇ ತೋರಿಸಿದರು. ಹಳೆಯ 'ನುಡಿ' ತಂತ್ರಾಂಶದ ಫೈಲನ್ನು ಯುನಿಕೋಡಿಗೆ ಬದಲಿಸುವಾಗ ಕೆಟ್ಟಿದ್ದ ಅರ್ಕಾವತ್ತುಗಳೂ ಈ ಓದಿನಲ್ಲೇ ಸಿಕ್ಕವು, ಕಣ್ಣಿಗೆ ತಪ್ಪಿಸಿಕೊಂಡಿದ್ದನ್ನು ಕಿವಿ ಹಿಡಿಯಿತು. ದೊಡ್ಡ ಕವಿತೆ ಆರು ಪುಟಕ್ಕೆ ಬಂತು.

ಇನ್ನೂ ಒಂದು ಪುಟ ಜಾಸ್ತಿ. ನಾನು ಬರೆದಿದ್ದ 'ಪ್ರಕಾಶಕರ ಮಾತು' ಒಂದೇ ಪುಟದ್ದು, ಅದನ್ನು ತೆಗೆಯಲು ಹೇಳಿದೆ. ಸಂಕಲನದಲ್ಲಿ ಕವಿಯ ಮಾತು ಇದ್ದರೆ ಸಾಕು. ಪುಸ್ತಕ 64ಕ್ಕೆ ಕೂತಿತು, ಒಂದು ಕವಿತೆಯೂ ಹೋಗಲಿಲ್ಲ.

ಇಂಥ ಮಧ್ಯಾಹ್ನಗಳಿಗೋಸ್ಕರವೇ ನನಗೆ ಈ ಕೆಲಸ ಇಷ್ಟ. ದುಡ್ಡು ಕೊಟ್ಟು ಮಾಡಿಸಿದ್ದರೆ ಆ ಒಂಟಿ ಪದಗಳು ಹಾಗೇ ಅಚ್ಚಾಗಿ ಬರುತ್ತಿದ್ದವು, ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಒಬ್ಬರ ಸಾಲಿನ ಬಗ್ಗೆ ಇನ್ನೊಬ್ಬ ಕವಿ ಜಗಳಕ್ಕೇ ನಿಲ್ಲುತ್ತಾನೆ. ಅಷ್ಟು ಕಾಳಜಿಯಿಂದ ಓದಿದವನು ಆ ಪುಸ್ತಕವನ್ನು ತನ್ನ ಊರಿನಲ್ಲಿ ಮಾರುವಾಗ ಸುಮ್ನೆ ಕೈಗಿಟ್ಟು ಬರುವುದಿಲ್ಲ, ಎರಡು ಕವಿತೆ ಓದಿ ಹೇಳಿಯೇ ಕೊಡುತ್ತಾನೆ. ನಮ್ಮ ಪುಸ್ತಕಗಳು ಖರ್ಚಾಗುವುದು ಹೀಗೇ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದರೆ ಖುಷಿ, ಅದನ್ನು ನಂಬಿ ಬಜೆಟ್ ಹಾಕುವುದಿಲ್ಲ.

ಪಿಡಿಎಫ್ ಪ್ರೆಸ್ಸಿಗೆ ಹೋಗಿದೆ. 300 ಪ್ರತಿ, 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ. ಬಿಡುಗಡೆ ಬೆಟಗೇರಿಯಲ್ಲೇ ಆಗಬೇಕು, ಅದೂ ಮಗ್ಗದವರಿಗೆ ಬಿಡುವಿರುವ ದಿನವೇ ಆಗಬೇಕು ಅಂತ ಅಕ್ಕಾರು ಹಟ ಹಿಡಿದಿದ್ದಾರೆ. ಹಾಗೇ ಮಾಡುತ್ತೇವೆ.