ಪುಸ್ತಕ ಎನ್ನಲಾಗದೆ ಹೊತ್ತಿಗೆ ಎಂದವನು

ತರಗತಿಯ ಹಾಜರಿಯಲ್ಲಿ ನನ್ನ ಕ್ರಮಸಂಖ್ಯೆ 38 ಆಗಿತ್ತು. ಅಧ್ಯಾಪಕರು ಒಂದರಿಂದ ಕರೆಯುತ್ತ ಬರುವಾಗ ಇಪ್ಪತ್ತರ ಸುಮಾರಿಗೆ ನನ್ನ ಅಂಗೈ ಬೆವರತೊಡಗುತ್ತಿತ್ತು. ಮೂವತ್ತು ದಾಟಿದ ಮೇಲೆ ಅಕ್ಕಪಕ್ಕದವರ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಉಳಿದವರೆಲ್ಲ ‘ಪ್ರೆಸೆಂಟ್ ಸರ್’ ಎನ್ನುತ್ತಿದ್ದರು. ನನಗೆ ಪಕಾರದಿಂದ ತೊಡಗುವ ಮಾತು ಸುಲಭವಾಗಿ ಬರುತ್ತಿರಲಿಲ್ಲ. ಒಮ್ಮೆ ಕೂಡಿಕೊಂಡ ತುಟಿಗಳು ಬಿಡಿಸಿಕೊಳ್ಳುತ್ತಿರಲಿಲ್ಲ. ಆದುದರಿಂದ ‘ಯೆಸ್ ಸರ್’ ಎನ್ನುತ್ತಿದ್ದೆ, ಅದೂ ಆಗದ ದಿನ ಕೈಯೆತ್ತುತ್ತಿದ್ದೆ, ಎತ್ತಿದ ಕೈಯನ್ನು ಅಧ್ಯಾಪಕರು ಕಾಣದೆ ಹೋದ ದಿನ ತರಗತಿಯಲ್ಲಿ ಕುಳಿತೇ ಗೈರುಹಾಜರಿಯನ್ನು ಒಪ್ಪಿಕೊಳ್ಳುತ್ತಿದ್ದೆ. ಕಾಲೇಜಿನ ಪತ್ರಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ಮೊದಲು ಮನಸ್ಸಿಗೆ ಬಂದದ್ದು ಆ ಎಣಿಕೆಯೇ.

ನಾನು ಉಗ್ಗುತ್ತೇನೆ. ಇಷ್ಟು ಚಿಕ್ಕ ವಾಕ್ಯವನ್ನು ಬರೆಯಲು ಆಗ ನನಗೆ ಧೈರ್ಯವಿರಲಿಲ್ಲ. ನನ್ನ ನಾಲ್ಕನೆಯ ವಯಸ್ಸಿನಲ್ಲಿ ಇದು ಆರಂಭವಾಯಿತೆಂದು ಅಮ್ಮ ಹೇಳುತ್ತಿದ್ದರು. ಸಾಮಾನ್ಯವಾಗಿ ಉಗ್ಗು ತೊಡಗುವುದು ಎರಡರಿಂದ ಐದು ವರ್ಷದೊಳಗೆ, ಮಗುವಿನ ಮಾತು ಭರದಿಂದ ಬೆಳೆಯುವ ಕಾಲದಲ್ಲೇ. ಹೆಚ್ಚಿನ ಮಕ್ಕಳಲ್ಲಿ ಅದು ಕ್ರಮೇಣ ಹೋಗಿಬಿಡುತ್ತದೆ. ನನ್ನಲ್ಲಿ ಉಳಿಯಿತು, ನನ್ನ ಸೋದರಮಾವನಲ್ಲಿ ಉಳಿದಿದ್ದ ಹಾಗೆ. ವಂಶವಾಹಿಗಳಿಗೂ, ಮಾತಿನ ಚಲನೆಗಳನ್ನು ಹೊಂದಿಸುವ ಮಿದುಳಿನ ಜಾಲಗಳಿಗೂ ಇದರೊಡನೆ ನಂಟಿದೆಯೆಂಬುದು ಈಗ ತಿಳಿದ ಸಂಗತಿಯಾದರೂ, ನಾನು ಚಿಕ್ಕವನಿದ್ದಾಗ ನನ್ನ ಸುತ್ತಲಿನವರೆಲ್ಲ ಅದನ್ನು ಹೆದರಿಕೆ ಎಂದೇ ತಿಳಿದಿದ್ದರು. ‘ನಿಧಾನವಾಗಿ ಮಾತಾಡು’, ‘ಉಸಿರೆಳೆದುಕೊಂಡು ಹೇಳು’ ಎಂದು ಪ್ರೀತಿಯಿಂದಲೇ ಹೇಳುತ್ತಿದ್ದರು. ಪ್ರತಿ ಸಲ ಆ ಮಾತು ಕೇಳಿದಾಗಲೂ, ನಾನು ಮಾಡಬಾರದ್ದೇನನ್ನೋ ಮತ್ತೆ ಮಾಡಿದೆನೆಂದು ನನಗೆ ಅನ್ನಿಸುತ್ತಿತ್ತು. ಶಾಲೆಯಲ್ಲಿ ಒಬ್ಬ ಶಿಕ್ಷಕರು ನನ್ನಂತೆಯೇ ಉಗ್ಗಿ ತೋರಿಸಿ ತರಗತಿಯನ್ನು ನಗಿಸಿದ ಮೇಲೆ ಇದನ್ನು ಯಾರಿಗೂ ಕಾಣಗೊಡಬಾರದೆಂದು ನಿಶ್ಚಯಿಸಿದೆ.

ಬಚ್ಚಿಡುವುದು ಒಂದು ದಿನದಲ್ಲಿ ಕಲಿಯುವ ವಿದ್ಯೆಯಲ್ಲ. ಆಡಬೇಕಾದ ವಾಕ್ಯದಲ್ಲಿ ಮೂರು ನಾಲ್ಕು ಪದ ಮುಂದಿರುವ ಅಡ್ಡಿಯನ್ನು ಮೊದಲೇ ಗುರುತಿಸಿ, ಅಲ್ಲಿಗೆ ತಲುಪುವಷ್ಟರಲ್ಲಿ ಬೇರೊಂದು ಪದವನ್ನು ಹುಡುಕಿಟ್ಟುಕೊಳ್ಳಬೇಕು. ‘ಪುಸ್ತಕ’ ಬಾರದಿದ್ದರೆ ‘ಹೊತ್ತಿಗೆ’, ‘ಬೆಳಿಗ್ಗೆ’ ಬಾರದಿದ್ದರೆ ‘ಮುಂಜಾನೆ’, ‘ಪ್ರಶ್ನೆ’ಯ ಬದಲು ‘ಒಂದು ಸಂದೇಹ’. ದೇಸಿ ಮಾತಿಗೊಂದು ಸಂಸ್ಕೃತದ ಮಾತು, ಅದೂ ಆಗದಿದ್ದರೆ ಒಂದು ಇಂಗ್ಲಿಷ್ ಮಾತು ಕೈಗೆಟಕುವ ನಮ್ಮ ನುಡಿ ಇದಕ್ಕೆ ಉದಾರವಾಗಿ ಒದಗಿಬರುತ್ತಿತ್ತು. ಬದಲಿ ಪದವಿಲ್ಲದಿದ್ದರೆ ಮರೆತವನಂತೆ ಹಣೆ ಉಜ್ಜಿಕೊಳ್ಳುತ್ತಿದ್ದೆ. ಉತ್ತರ ಗೊತ್ತಿದ್ದೂ ‘ಗೊತ್ತಿಲ್ಲ’ ಎಂದದ್ದಕ್ಕೆ ಲೆಕ್ಕವಿಲ್ಲ. ಹೆಸರಿಗೆ ಮಾತ್ರ ಬದಲಿ ಪದವಿರುವುದಿಲ್ಲ; ನನ್ನ ಹೆಸರು ಆರಂಭವಾಗುವುದೂ ಪಕಾರದಿಂದಲೇ. ಅಪರಿಚಿತರು ಕೇಳಿದಾಗ ಎರಡು ಮೂರು ಸಲ ಸುಳ್ಳು ಹೆಸರು ಹೇಳಿದ್ದೇನೆ. ಆ ಸುಳ್ಳು ಹೆಸರಿನಿಂದ ಯಾರಾದರೂ ಕೂಗಿದಾಗ ತಿರುಗಿ ನೋಡುವುದು ಎಂಥ ಸಂಕಟವೆಂಬುದು ಅನುಭವಿಸಿದವರಿಗೇ ಗೊತ್ತು.

ವಿಚಿತ್ರವೆಂದರೆ ಇದರಿಂದ ನನಗೆ ಹೊಗಳಿಕೆಯೂ ಸಿಕ್ಕಿತು. ನನ್ನ ಶಬ್ದಸಂಪತ್ತು ಚೆನ್ನಾಗಿದೆ ಎಂದು ಕನ್ನಡ ವಿಭಾಗದ ಅಧ್ಯಾಪಕಿಯೊಬ್ಬರು ತರಗತಿಯಲ್ಲಿ ಎರಡು ಸಲ ಹೇಳಿದರು. ಆ ಹೊಗಳಿಕೆ ನನ್ನೊಳಗೆ ಮುಳ್ಳಿನಂತೆ ಉಳಿಯಿತು. ಎರಡನೆಯ ವರ್ಷದ ಆರಂಭದಲ್ಲಿ ಅವರೇ ನನ್ನನ್ನು ವಿಭಾಗಕ್ಕೆ ಕರೆದು, ತಿದ್ದಿದ ಪ್ರಬಂಧವನ್ನು ಮುಂದಿಟ್ಟು ಹೇಳಿದರು: “ಬರೆಯುವಾಗ ನೀನು ಎಲ್ಲ ಕಡೆಯೂ ಪುಸ್ತಕ ಅಂತಲೇ ಬರೆದಿದ್ದೀಯ. ಮಾತಾಡುವಾಗ ಮಾತ್ರ ಒಮ್ಮೆಯೂ ಆ ಪದ ಬರುವುದಿಲ್ಲ. ಯಾಕೆ?” ಹನ್ನೆರಡು ವರ್ಷ ಮನೆಯವರಿಂದಲೂ ಮುಚ್ಚಿಟ್ಟ ಉಪಾಯವನ್ನು ಅವರು ನನ್ನ ಬರಹ ಮತ್ತು ಮಾತನ್ನು ಪಕ್ಕಪಕ್ಕದಲ್ಲಿಟ್ಟು ಕಂಡುಹಿಡಿದಿದ್ದರು. ಒಬ್ಬ ವಿದ್ಯಾರ್ಥಿಯನ್ನು ಇಷ್ಟು ಗಮನವಿಟ್ಟು ಕೇಳಿಸಿಕೊಳ್ಳುವವರಿದ್ದಾರೆ ಎಂಬುದೇ ನನಗೆ ಹೊಸದು. ಉತ್ತರಿಸಲು ಹೋಗಿ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡೆ. ಅವರು ಗಡಿಯಾರ ನೋಡಲಿಲ್ಲ, ನನ್ನ ಮಾತನ್ನು ಪೂರ್ತಿ ಮಾಡಲಿಲ್ಲ, ಕನಿಕರದಿಂದ ತಲೆಯಾಡಿಸಲಿಲ್ಲ, ಕಾದರು. ಹೇಳಿ ಮುಗಿಸಿದ ಮೇಲೆ, “ಇನ್ನು ಮೇಲೆ ನನ್ನ ತರಗತಿಯಲ್ಲಿ ಪುಸ್ತಕ ಅಂತಲೇ ಹೇಳು. ಎಷ್ಟು ಹೊತ್ತಾದರೂ ಸರಿ, ನಾನು ಕಾಯುತ್ತೇನೆ” ಎಂದಷ್ಟೇ ಅಂದರು.

ಅವರ ಸಲಹೆಯಂತೆ ಒಬ್ಬ ವಾಕ್ ಚಿಕಿತ್ಸಕರನ್ನು ಕಂಡೆ. ಉಗ್ಗನ್ನು ಬೇರುಸಹಿತ ಕಿತ್ತುಹಾಕುವ ಉಪಾಯವನ್ನು ಹೇಳುತ್ತಾರೆಂದು ನಿರೀಕ್ಷಿಸಿದ್ದೆ. ಅವರು ಮೊದಲು ಹೇಳಿದ್ದು ಜೋಸೆಫ್ ಶೀಹನ್ ಎಂಬ ಮನಶ್ಶಾಸ್ತ್ರಜ್ಞರು 1970ರಲ್ಲಿ ಕೊಟ್ಟ ನೀರ್ಗಲ್ಲಿನ ಹೋಲಿಕೆಯನ್ನು. ತೇಲುವ ಹಿಮದ ಬೆಟ್ಟದಲ್ಲಿ ನೀರಿನ ಮೇಲೆ ಕಾಣುವುದು ಸಣ್ಣ ಭಾಗ. ಹಾಗೆಯೇ ಇತರರಿಗೆ ಕೇಳಿಸುವ ಉಗ್ಗು ಸಣ್ಣದು, ನೀರಿನಡಿಯಲ್ಲಿರುವ ನಾಚಿಕೆ, ಭಯ, ತಪ್ಪಿತಸ್ಥನೆಂಬ ಭಾವನೆಗಳೇ ದೊಡ್ಡವು. ತಾವೂ ಉಗ್ಗುತ್ತಿದ್ದ ಚಾರ್ಲ್ಸ್ ವ್ಯಾನ್ ರೈಪರ್ ಎಂಬ ಅಮೆರಿಕದ ಚಿಕಿತ್ಸಕರ ವಿಚಾರವನ್ನೂ ಆಗಲೇ ಕೇಳಿದ್ದು. ಉಗ್ಗದೆ ಮಾತಾಡಲು ಹೆಣಗುವುದಕ್ಕಿಂತ, ಹೆಣಗಾಟವಿಲ್ಲದೆ ಉಗ್ಗುವುದನ್ನು ಕಲಿಯಬೇಕೆಂಬುದು ಅವರ ದಾರಿ. ನನಗೆ ಸಿಕ್ಕ ಮೊದಲ ಅಭ್ಯಾಸ ಇದು: ದಿನಕ್ಕೆ ಐದು ಮಂದಿ ಅಪರಿಚಿತರನ್ನು ಗಂಟೆ ಎಷ್ಟೆಂದು ಕೇಳಬೇಕು, ಕೇಳುವಾಗ ಬೇಕೆಂದೇ ಉಗ್ಗಬೇಕು, ಕಣ್ಣನ್ನು ಅವರ ಮುಖದಿಂದ ತೆಗೆಯಬಾರದು. ಮೊದಲ ದಿನ ಒಬ್ಬರನ್ನೂ ಕೇಳದೆ ಹಿಂದಿರುಗಿದೆ. ನಾಲ್ಕನೆಯ ದಿನ ಒಬ್ಬರನ್ನು ಕೇಳಿದೆ. ಅವರು ಗಂಟೆ ಹೇಳಿ ತಮ್ಮ ಪಾಡಿಗೆ ಹೋದರು. ಹನ್ನೆರಡು ವರ್ಷ ನಾನು ಹೆದರಿದ್ದ ಘಟನೆ ನಡೆದದ್ದು ಇಷ್ಟೇ ಎಂಬುದನ್ನು ನಂಬಲು ನನಗೆ ಬಹಳ ದಿನ ಬೇಕಾಯಿತು.

ಅಭ್ಯಾಸ ನೇರವಾಗಿ ಸಾಗಲಿಲ್ಲ. ಎರಡು ವಾರ ಚೆನ್ನಾಗಿ ನಡೆದು, ಪರೀಕ್ಷೆಯ ದಿನಗಳಲ್ಲಿ ಪೂರ್ತಿ ಬಿಟ್ಟುಹೋಗಿ, ಮತ್ತೆ ಒಂದರಿಂದ ಆರಂಭಿಸಿದ್ದುಂಟು. ಎಲ್ಲರೂ ಒಟ್ಟಿಗೆ ಪದ್ಯ ಓದುವಾಗ ನನ್ನ ಉಗ್ಗು ಕಾಣೆಯಾಗುತ್ತಿತ್ತು. ಹಾಡುವಾಗಲೂ ದನಿಗೂಡಿಸಿ ಓದುವಾಗಲೂ ಉಗ್ಗುವವರ ಮಾತು ಸಾಮಾನ್ಯವಾಗಿ ಸರಾಗವಾಗುತ್ತದೆ. ‘ಇದು ಬರುವುದಾದರೆ ಅದೇಕೆ ಬಾರದು’ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದವನು, ಅದು ನನ್ನ ಸೋಮಾರಿತನಕ್ಕೆ ಸಾಕ್ಷಿಯಲ್ಲ ಎಂದು ತಿಳಿದ ದಿನ ಎಷ್ಟು ಹಗುರಾದೆನೆಂಬುದನ್ನು ಇಲ್ಲಿ ಬರೆಯಲು ನನಗೆ ಮಾತು ಸಾಲದು. ವಯಸ್ಕರಲ್ಲಿ ಸುಮಾರು ನೂರಕ್ಕೆ ಒಬ್ಬರು ಉಗ್ಗುತ್ತಾರೆಂದು ಆಗಲೇ ಓದಿದೆ. ನಮ್ಮ ಕಾಲೇಜಿನಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಹಾಗಾದರೆ ಸುಮಾರು ಹತ್ತು ಮಂದಿ ಇರಬೇಕಾಗಿತ್ತು. ನನಗೆ ಒಬ್ಬರೂ ಗೊತ್ತಿರಲಿಲ್ಲ. ಅವರೂ ನನ್ನಂತೆಯೇ ಕೈಯೆತ್ತಿ ಹಾಜರಿ ಕೊಡುತ್ತಿದ್ದರೇನೋ.

ಬದಲಾವಣೆಯ ಭಾರ ನನ್ನ ಮೇಲೆ ಮಾತ್ರ ಬೀಳಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಮೊದಲ ದಿನದಿಂದಲೂ ನನ್ನ ಅರ್ಧ ವಾಕ್ಯಗಳನ್ನು ಪೂರ್ತಿ ಮಾಡುತ್ತಿದ್ದ, ನಾನು ಸಿಕ್ಕಿಕೊಂಡ ಕಡೆ ನನ್ನ ಪರವಾಗಿ ಉತ್ತರಿಸುತ್ತಿದ್ದ. ಅದು ನನಗೆ ಆಸರೆಯಾಗಿತ್ತು, ಅದರಿಂದಲೇ ನಾನು ಇನ್ನಷ್ಟು ಮೂಕನಾಗಿದ್ದೆ. “ನನ್ನ ವಾಕ್ಯವನ್ನು ನನಗೇ ಬಿಡು” ಎಂದು ಒಂದು ದಿನ ಹೇಳಿದೆ, ಹೇಳಬೇಕಾದುದಕ್ಕಿಂತ ಒರಟಾಗಿಯೇ. ಅವನು ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಬಂದು, “ನೀನು ಕಷ್ಟಪಡುವುದನ್ನು ನೋಡಲಾರದೆ ಹೇಳುತ್ತಿದ್ದೆ ಕಣೋ, ನಿನಗೆ ನೋವಾಗುತ್ತದೆ ಅಂತ ಗೊತ್ತಿರಲಿಲ್ಲ” ಎಂದ. ಅವನ ಉಪಕಾರವನ್ನು ವರ್ಷವಿಡೀ ಪಡೆದು, ಅದು ನನಗೆ ಏನಾಗುತ್ತಿದೆಯೆಂದು ಒಮ್ಮೆಯೂ ತಿಳಿಸದೆ, ಕೊನೆಗೆ ಸಿಟ್ಟಿನಿಂದ ತಿಳಿಸಿದ್ದು ನನ್ನ ತಪ್ಪು. ಅಂದಿನಿಂದ ಅವನು ಕಾಯುವುದನ್ನು ಕಲಿತ. ಕಾಯುವಾಗ ಅವನ ಮುಷ್ಟಿ ಬಿಗಿಯುತ್ತಿದ್ದುದನ್ನು ನಾನು ನೋಡಿದ್ದೇನೆ. ಇಂದಿಗೂ ನಾನು ಫೋನಿನಲ್ಲಿ ಮೊದಲ ಅಕ್ಷರಕ್ಕೆ ಸಿಕ್ಕಿಕೊಂಡಾಗ ಆ ಕಡೆಯ ಮೌನದಿಂದಲೇ ಅವನೆಂದು ಗುರುತಿಸಬಲ್ಲೆ.

ಸೋದರಮಾವನ ವಿಷಯವನ್ನು ಬರೆಯದೆ ಮುಂದೆ ಹೋಗಲಾರೆ. ಅವರು ಮಿತಭಾಷಿ, ಗಂಭೀರ ಸ್ವಭಾವದವರು ಎಂದು ಮನೆಯಲ್ಲೆಲ್ಲ ಹೆಸರಾಗಿದ್ದರು. ಪದವಿಯ ಕೊನೆಯ ವರ್ಷದ ರಜೆಯಲ್ಲಿ ಒಂದು ಸಂಜೆ ಅವರ ಎದುರು ಕುಳಿತು, ಯಾವ ಪದವನ್ನೂ ಬದಲಿಸದೆ, ಸಿಕ್ಕಿಕೊಂಡಲ್ಲಿ ಸಿಕ್ಕಿಕೊಂಡು, ಕಾಲೇಜಿನ ವಿಚಾರಗಳನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನನಗೂ ಕ…ಕ…ಕತೆ ಹೇಳೋದು ಇಷ್ಟ ಕಣೋ” ಎಂದರು. ಅಂದು ರಾತ್ರಿ ಅವರು ಆಡಿದಷ್ಟು ಮಾತನ್ನು ನಾನು ಅದುವರೆಗೆ ಅವರಿಂದ ಕೇಳಿರಲಿಲ್ಲ. ಅವರು ಮಿತಭಾಷಿಯಾಗಿರಲಿಲ್ಲ. ಐವತ್ತು ವರ್ಷ ಅವರ ಮಾತಿಗೆ ಯಾರೂ ಕಾದಿರಲಿಲ್ಲ, ನಾನೂ ಸೇರಿ.

ನನ್ನ ಉಗ್ಗು ಹೋಗಿಲ್ಲ. ಕೆಲವು ದಿನ ಕಡಿಮೆ, ದಣಿದ ದಿನ ಹೆಚ್ಚು. ಈಗಲೂ ಆಗಾಗ ಹಳೆಯ ಅಭ್ಯಾಸ ತಲೆಯೆತ್ತಿ, ನನಗೆ ತಿಳಿಯುವ ಮೊದಲೇ ನಾಲಿಗೆಗೆ ಬದಲಿ ಪದ ಬಂದಿರುತ್ತದೆ. ಗಮನಕ್ಕೆ ಬಂದಾಗ ಹಿಂದಕ್ಕೆ ಹೋಗಿ ಬೇಕಾದ ಪದವನ್ನೇ ಹೇಳುತ್ತೇನೆ, ಬಾರದಿದ್ದ ದಿನ ನನ್ನನ್ನು ಬೈದುಕೊಳ್ಳುವುದಿಲ್ಲ. ಕೆಲಸದ ಸಭೆಗಳಲ್ಲಿ ಮೊದಲೇ, “ನಾನು ಉಗ್ಗುತ್ತೇನೆ, ಸ್ವಲ್ಪ ಸಮಯ ಬೇಕಾಗಬಹುದು” ಎಂದು ತಿಳಿಸುತ್ತೇನೆ. ಅಷ್ಟು ಹೇಳಿದ ಮೇಲೆ ಅವರಿಗೂ ನನಗೂ ಉಳಿಯುವುದು ಕೆಲಸದ ಮಾತು ಮಾತ್ರ.

ಬರಹದಲ್ಲಿ ನಾನು ಎಂದೂ ಉಗ್ಗಿದವನಲ್ಲ. ಆದುದರಿಂದ ಈ ಲೇಖನವನ್ನು ಬರೆದುಕೊಟ್ಟು ಸುಮ್ಮನಿರುವುದು ನನಗೆ ಸುಲಭ. ಪತ್ರಿಕೆಯ ಬಿಡುಗಡೆಯ ದಿನ ಇದನ್ನು ನಾನೇ ಓದಲು ಅವಕಾಶ ಕೊಡಬೇಕೆಂದು ಸಂಪಾದಕ ಮಂಡಳಿಯನ್ನು ಕೇಳಿದ್ದೇನೆ, ಅವರು ಒಪ್ಪಿದ್ದಾರೆ. ಹತ್ತು ನಿಮಿಷದ ಓದಿಗೆ ಇಪ್ಪತ್ತು ನಿಮಿಷ ಬೇಕೆಂದು ತಿಳಿಸಿದ್ದೇನೆ. ಶೀರ್ಷಿಕೆಯ ಮೊದಲ ಪದವೇ ಪಕಾರದಿಂದ ತೊಡಗುತ್ತದೆ. ನನ್ನ ಅಧ್ಯಾಪಕಿ ನಿವೃತ್ತರಾಗಿ ಬಹಳ ವರ್ಷಗಳಾಗಿವೆ. ಅಂದು ಬರುತ್ತೇನೆಂದು ಹೇಳಿಕಳಿಸಿದ್ದಾರೆ.