‘ಏನೂ ಇಲ್ಲ’ ಅಂದ ಮೇಲೆ

ಓಪಿಡಿಗೆ ಬಂದಾಕೆಗೆ ಐವತ್ತರ ಆಸುಪಾಸು. ಎರಡು ವರ್ಷದ ಸೊಂಟನೋವು, ಚೀಲದ ತುಂಬ ರಿಪೋರ್ಟು. ಒಬ್ಬರು ‘ಗ್ಯಾಪ್ ಬಂದಿದೆ’ ಅಂದಿದ್ದರು, ಇನ್ನೊಬ್ಬರು ‘ಮೂಳೆ ಸವೆದಿದೆ’ ಅಂದಿದ್ದರು, ಮೂರನೆಯವರು ‘ಏನೂ ಇಲ್ಲ, ಹೋಗಿ’ ಅಂದಿದ್ದರು. ಆಕೆಯನ್ನು ಹೆಚ್ಚು ನೋಯಿಸಿದ್ದು ಮೂರನೆಯ ಮಾತು. “ಹಂಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಾ ಡಾಕ್ಟ್ರೇ?”

ಚೀಲ ಬಿಚ್ಚುವ ಮೊದಲು ಕೇಳಬೇಕಾದ್ದು ಒಂದಿದೆ: “ಇದು ಏನಿರಬಹುದು ಅಂತ ನಿಮಗೆ ಹೆದರಿಕೆ, ಅಮ್ಮ?” ಆಕೆಯ ಅಕ್ಕನಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಎರಡು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

ಮುಟ್ಟಿ ನೋಡುವ ಮೊದಲೇ ‘ಚಿಂತೆ ಬೇಡ’ ಅಂದರೆ ಸಾಗಹಾಕುತ್ತಿದ್ದಾರೆ ಎಂದೇ ಅನಿಸುತ್ತದೆ. ಕಾಲು ನೇರ ಎತ್ತಿಸಿ, ಹೆಬ್ಬೆರಳ ಬಲ ನೋಡಿ, ಮಂಡಿ-ಹಿಮ್ಮಡಿಯ ರಿಫ್ಲೆಕ್ಸ್ ತಟ್ಟಿ, ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತ ಹೋಗಬೇಕು. ಮೂತ್ರ ಕಟ್ಟುತ್ತದೆಯೇ, ಗುದದ ಸುತ್ತ ಮರಗಟ್ಟಿದೆಯೇ, ಜ್ವರವಿದೆಯೇ, ತೂಕ ಇಳಿದಿದೆಯೇ ಎಂದು ಏಕೆ ಕೇಳುತ್ತೇವೆ ಎಂಬುದನ್ನೂ ಹೇಳಬೇಕು. ಅಕ್ಕನ ಕಾಯಿಲೆಯ ಸುಳಿವು ಇಲ್ಲಿಲ್ಲ ಎಂಬ ಮಾತಿಗೆ ಆಗಷ್ಟೇ ತೂಕ.

ಇನ್ನು ಎಂಆರ್‌ಐ. ನೋವೇ ಇಲ್ಲದ ಐವತ್ತರವರಲ್ಲೂ ಸುಮಾರು 80% ಮಂದಿಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿರುತ್ತದೆ, 60% ಮಂದಿಗೆ ಉಬ್ಬಿರುತ್ತದೆ. ಇದು ಕೂದಲು ನರೆತ ಹಾಗೆ. ಸಮಾಧಾನಕ್ಕೆಂದೇ ಮತ್ತೊಂದು ಸ್ಕ್ಯಾನ್ ಬರೆದರೆ ಆತಂಕ ಅಷ್ಟೇನೂ ತಗ್ಗುವುದಿಲ್ಲ. ಬರೆಯಲೇಬೇಕಾದರೆ, ನಾರ್ಮಲ್ ಬಂದರೆ ಅರ್ಥವೇನೆಂದು ಮೊದಲೇ ಹೇಳಿಬಿಡಬೇಕು. ರಿಪೋರ್ಟು ಬಂದ ಮೇಲೆ ಹೇಳಿದರೆ ನೆಪದಂತೆ ಕೇಳಿಸುತ್ತದೆ.

ಹಾಗಾದರೆ ನೋವೇಕೆ? ಒಗ್ಗರಣೆ ಸಿಡಿದ ಕೈಗೆ ಉಗುರುಬೆಚ್ಚನೆಯ ನೀರೂ ಉರಿ. ನೀರಿನಲ್ಲಿ ದೋಷವಿಲ್ಲ, ಉರಿಯೂ ಸುಳ್ಳಲ್ಲ. ಬಹುಕಾಲದ ನೋವಿನಲ್ಲಿ ನರಗಳು, ಮಿದುಳು ಹೀಗೆಯೇ ಅತಿ ಚುರುಕಾಗಿರಬಹುದು. ನಿದ್ದೆಗೆಟ್ಟರೆ, ಹೆದರಿಕೊಂಡು ಕದಲದೆ ಕೂತರೆ ಇನ್ನಷ್ಟು.

“ಮನೇಲಿ ಯಜಮಾನ್ರು ಕೇಳಿದ್ರೆ ಏನು ಹೇಳ್ತೀರಿ?”

“ಡಾಕ್ಟ್ರು ಏನೂ ಇಲ್ಲ ಅಂದ್ರು ಅಂತೀನಿ.”

ಇಷ್ಟೆಲ್ಲ ವಿವರಿಸಿದ ಮೇಲೂ ಹೀಗಾಗುತ್ತದೆ. ಕೇಳದೇ ಕಳಿಸಿದ್ದರೆ ತಿಳಿಯುತ್ತಲೂ ಇರಲಿಲ್ಲ. ಮತ್ತೊಮ್ಮೆ, ಇನ್ನೂ ಸರಳವಾಗಿ ಹೇಳಿದ ಮೇಲೆ ಉತ್ತರ ಬದಲಾಯಿತು: “ನೋವು ನಿಜ, ನರ ಚುರುಕಾಗಿದೆ, ನಡೆದ್ರೆ ಸೊಂಟ ಹಾಳಾಗಲ್ಲ.”

ದಿನಕ್ಕೆರಡು ಸಲ 10 ನಿಮಿಷ ನಡಿಗೆ, ವಾರಕ್ಕೆ 2 ನಿಮಿಷ ಹೆಚ್ಚು; ನೋವಿಲ್ಲದ ದಿನ ಹುರುಪಿನಲ್ಲಿ ದುಪ್ಪಟ್ಟು ನಡೆಯಬಾರದು. ಮೂತ್ರ ಕಟ್ಟಿದರೆ, ಕಾಲು ಸೋತರೆ ಆ ಕ್ಷಣವೇ ಬರಬೇಕು. ಅದಿಲ್ಲವಾದರೆ ಮೂರು ವಾರದ ನಂತರದ ತಾರೀಕು ಚೀಟಿಯಲ್ಲೇ ಬರೆದಾಯಿತು. ‘ಹೆಚ್ಚಾದ್ರೆ ಬನ್ನಿ’ ಅಂದರೆ ಡಾಕ್ಟರ ಮುಖ ನೋಡಲು ನೋವು ಹೆಚ್ಚಾಗಲೇಬೇಕಾಗುತ್ತದೆ.