ದೇವಿಮನೆಯ ಮಂಜು, ಕತಗಾಲದ ಸೆಕೆ

ಮಳೆಗಾಲದಲ್ಲಿ ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ ಕಾರಿನ ಗಾಜು ಎರಡು ಬಗೆಯಲ್ಲಿ ಮಬ್ಬಾಗುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ದೇವಿಮನೆ ಘಟ್ಟದ ಮೇಲೆ ಹೊರಗೆ ತಂಪು. ಒಳಗೆ ನಾಲ್ಕು ಜನರ ಉಸಿರು, ಒದ್ದೆ ಕೊಡೆ, ನೆನೆದ ಚಪ್ಪಲಿ. ಆ ತೇವವೆಲ್ಲ ಗಾಜಿನ ಒಳಮೈಗೆ ಬಂದು ಕೂರುತ್ತದೆ. ಎಸಿ ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಬರುವಂತೆ ಬಿಡಿ. ಚಳಿಯಾದರೆ ಗುಂಡಿಯನ್ನು ಬಿಸಿಯತ್ತ ತಿರುಗಿಸಿ, ಎಸಿ ಮಾತ್ರ ಆರಿಸಬೇಡಿ. ತೇವ ಹೀರುವುದು ಅದೇ. ಬಟ್ಟೆಯಲ್ಲಿ ಒರೆಸಿದರೆ ಜಿಡ್ಡಿನ ಗೀರು ಉಳಿದು, ಎದುರಿನ ಲೈಟು ಬಿದ್ದಾಗ ಗಾಜೆಲ್ಲ ಬೆಳ್ಳಗಾಗುತ್ತದೆ.

ಕತಗಾಲ ಬರುವಷ್ಟರಲ್ಲಿ ಆಟ ತಿರುವುಮುರುವು. ಎಸಿಯಿಂದ ತಣ್ಣಗಾದ ಗಾಜಿಗೆ ಕರಾವಳಿಯ ಸೆಕೆ ತಾಗಿ ಹೊರಮೈ ಬೆವರುತ್ತದೆ. ಹೆಚ್ಚಿನವರು ಆಗ ಎಸಿ ಇನ್ನೂ ಜೋರು ಮಾಡಿ ಮಬ್ಬು ಹೆಚ್ಚಿಸಿಕೊಳ್ಳುತ್ತಾರೆ. ಒಂದು ಸಲ ವೈಪರ್ ಆಡಿಸಿ ನೋಡಿ. ಮಬ್ಬು ಹೋದರೆ ಅದು ಹೊರಗಿನದು. ಗಾಳಿಯನ್ನು ಕಾಲಿನ ಕಡೆ ತಿರುಗಿಸಿ, ತಂಪು ಕಡಿಮೆ ಮಾಡಿ, ಸಾಕು.

ಇನ್ನು ಲೈಟು. ಮಂಜಿನಲ್ಲಿ ಹೆಡ್‌ಲೈಟ್ ಡಿಮ್‌ನಲ್ಲೇ ಇರಲಿ. ಬ್ರೈಟ್ ಹಾಕಿದರೆ ನೀರಹನಿಗಳಿಗೆ ಬಡಿದ ಬೆಳಕು ನಿಮ್ಮ ಕಣ್ಣಿಗೇ ವಾಪಸ್. ಫಾಗ್ ಲ್ಯಾಂಪನ್ನು ಬಂಪರಿನಲ್ಲಿ ತಗ್ಗಿಗೆ ಕೂರಿಸುವುದೂ ಇದಕ್ಕೇ. ಓಡುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವ ಚಟ ನಮ್ಮಲ್ಲಿ ಬಹಳ. ಗಾಡಿ ನಿಂತಿದೆಯೋ, ತಿರುಗುತ್ತದೆಯೋ ಹಿಂದಿನವನಿಗೆ ತಿಳಿಯುವುದಿಲ್ಲ. ಅದು ಡಾಂಬರು ಬಿಟ್ಟು ಪೂರ್ತಿ ಪಕ್ಕಕ್ಕೆ ನಿಲ್ಲಿಸಿದ ಮೇಲಿನ ಕೆಲಸ.

ವೇಗದ ಲೆಕ್ಕ ಹೀಗೆ. ಗಂಟೆಗೆ 40 ಕಿ.ಮೀ. ಇದ್ದರೆ ಕಣ್ಣು ಕಂಡು ಕಾಲು ಬ್ರೇಕ್ ಒತ್ತುವ 2 ಸೆಕೆಂಡಿನಲ್ಲೇ 22 ಮೀಟರ್ ಹೋಯಿತು. ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 16. ಒಟ್ಟು 38. 30ರಲ್ಲಿ ಸುಮಾರು 26, ಅಂದರೆ ಎರಡು ಬಸ್ಸಿನ ಉದ್ದಕ್ಕಿಂತ ಜಾಸ್ತಿ. ಇದು ಸಮತಟ್ಟು ರಸ್ತೆಯ ಮಾತು; ಇಳಿಜಾರಿನಲ್ಲಿ, ಸವೆದ ಟೈರಿನಲ್ಲಿ ಇನ್ನೂ ಉದ್ದ. ಆದ್ದರಿಂದ ಎರಡು ಬಸ್ಸಿನಷ್ಟು ದೂರ ಮಾತ್ರ ಕಾಣುವಲ್ಲಿ 20 ದಾಟಬೇಡಿ. ಎರಡನೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕೂ ಕಾಯುವುದಿಲ್ಲ.

ನಡುಗೆರೆ ಹಿಡಿದು ಹೋಗುವುದು ಬೇಡ, ಎದುರಿನವನೂ ಅದನ್ನೇ ಹಿಡಿದು ಬರುತ್ತಿರಬಹುದು. ಎಡ ಅಂಚಿನ ಬಿಳಿಗೆರೆ ನೋಡಿ. ತಿರುವಿನಲ್ಲಿ ಹಾರ್ನ್ ಹೊಡೆದವರು ಉತ್ತರ ಕೇಳಿಸಿಕೊಳ್ಳಲೂ ಬೇಕಲ್ಲ: ಹಾಡು ಬಂದ್ ಮಾಡಿ, ಬಲಗಡೆಯ ಗಾಜು ಎರಡು ಬೆರಳಷ್ಟು ಇಳಿಸಿ. ಲಾರಿ ಕಾಣುವ ಮೊದಲೇ ಕೇಳುತ್ತದೆ.